ಗೋಡೆಗೆ ಒರಗಿಸಿದ ಹಲಗೆಗಳು

ನಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಇರಬೇಕಾದ ಕಡೆ ಮರದ ಹಲಗೆಗಳಿದ್ದವು. ಬನಶಂಕರಿ ಎರಡನೇ ಹಂತದ ಆ ಪುಟ್ಟ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅವೇ. ಹಿಂದೆ ತೇಗ, ಅದರ ಮುಂದೆ ಪ್ಲೈವುಡ್, ಅದಕ್ಕೂ ಮುಂದೆ ಯಾರದೋ ಹಳೆಯ ಮನೆ ಕೆಡವಿದಾಗ ಅಪ್ಪ ಹೊತ್ತು ತಂದ ಹೊನ್ನೆಯ ತುಂಡುಗಳು. "ಮನೆ ರಿಪೇರಿ ನಡೀತಿದೆಯಾ?" ಎಂದು ನೆಂಟರು ಕೇಳಿದರೆ ಅಮ್ಮ "ಹೌದು" ಎಂದುಬಿಡುತ್ತಿದ್ದಳು. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು. ಅಪ್ಪ ಕೆಲಸ ಮಾಡುತ್ತಿದ್ದ ರೇಡಿಯೊ ಕಾರ್ಖಾನೆ ನಾನು ತೀರ ಚಿಕ್ಕವಳಿದ್ದಾಗಲೇ ಮುಚ್ಚಿಹೋಗಿತ್ತು. ಅವನ ಜೊತೆಯವರು ಟೀವಿ ರಿಪೇರಿ ಅಂಗಡಿ ಹಾಕಿದರು, ಇಲ್ಲವೇ ಬೇರೆ ಕೆಲಸ ಹುಡುಕಿಕೊಂಡರು. ಅಪ್ಪ ಮಾತ್ರ ಸ್ಪೀಕರ್ ಪೆಟ್ಟಿಗೆ ಮಾಡುತ್ತೇನೆಂದು ಮನೆಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತ. ಸ್ಪೀಕರನ್ನು ಅಂಗಡಿಯಿಂದ ತರುತ್ತಿದ್ದ. ಅದನ್ನು ಕೂರಿಸುವ ಪೆಟ್ಟಿಗೆ ಅವನದು. ಒಳ್ಳೆಯ ಸ್ಪೀಕರನ್ನು ಕೆಟ್ಟ ಪೆಟ್ಟಿಗೆ ಕೊಲ್ಲುತ್ತದೆ ಎಂದು ಅವನು ಹೇಳುವಾಗ ಯಾರೋ ನಿಜವಾಗಿ ಸತ್ತಷ್ಟು ಸಂಕಟ ಅವನ ಮುಖದಲ್ಲಿರುತ್ತಿತ್ತು.

ಹಲಗೆ ಆರಿಸುವುದಕ್ಕೆ ಅವನಿಗೆ ನನ್ನ ಕಿವಿ ಬೇಕಾಗಿತ್ತು. ನನ್ನನ್ನು ಹಲಗೆಗಳ ಮುಂದೆ ಕೂರಿಸಿ ಬೆರಳ ಗೆಣ್ಣಿನಿಂದ ಒಂದೊಂದನ್ನೇ ತಟ್ಟುತ್ತಿದ್ದ.

"ಕಣ್ಮುಚ್ಕೊ ಪುಟ್ಟಿ. ಇದ್ಯಾವ್ದು?"

"ತೇಗ."

"ಹೆಂಗೆ ಗೊತ್ತಾಯ್ತು?"

"ತಟ್ಟಿ ಆದ್ಮೇಲೂ ಅದು ಮಾತಾಡ್ತಾನೇ ಇರತ್ತೆ."

"ಅದೇ ನೋಡು ಅದರ ರೋಗ! ವೀಣೆ ಆದ್ರೆ ಮರ ಹಾಡ್ಬೇಕು. ನಮ್ ಪೆಟ್ಟಿಗೆ ಹಾಡ್ಬಾರ್ದು. ಬಾಯಿ ಮುಚ್ಕೊಂಡು ಸುಮ್ನೆ ನಿಂತಿರ್ಬೇಕು. ಹಾಡೋದು ಸ್ಪೀಕರ್ ಮಾತ್ರ."

ಹೀಗೆ ನಾನು ಅಕ್ಷರಗಳನ್ನು ಕಲಿಯುವ ವಯಸ್ಸಿನಲ್ಲೇ ಮರಗಳನ್ನೂ ಕಲಿತೆ. ಅಗ್ಗದ ಪ್ಲೈವುಡ್ಡಿನ ಪದರಗಳ ನಡುವೆ ಟೊಳ್ಳಿರುತ್ತದೆ, ತಟ್ಟಿದಾಗ ಒಂದು ಕಡೆ ಗಟ್ಟಿ, ಒಂದು ಕಡೆ ಡೋಲಿನ ಹಾಗೆ ಕೇಳುತ್ತದೆ. ಪುಡಿ ಒತ್ತಿ ಮಾಡಿದ ಅಗ್ಗದ ಬೋರ್ಡಿಗೆ ಸ್ಕ್ರೂ ಹಾಕಿದರೆ ರಸ್ಕಿನ ಹಾಗೆ ಉದುರುತ್ತದೆ. ತೇಗ ನೋಡಲು ರಾಜ, ಆದರೆ ಶಿವರಾತ್ರಿಯ ಒಣಹವೆಗೆ ಬಿಗಿದುಕೊಂಡು ಮೂಲೆಯಲ್ಲಿ ಸೀಳುತ್ತದೆ. ಆ ಕೂದಲೆಳೆಯ ಸೀಳಿನಿಂದ ಗಾಳಿ ಬುಸ್ಸೆಂದು ಹೊರಬಂದರೆ ಮೃದಂಗದ ಪೆಟ್ಟು ಕೆಟ್ಟುಹೋಗುತ್ತದೆ. ಇವೆಲ್ಲ ನನಗೆ ಗೊತ್ತಿತ್ತು. ಒಂದು ಶ್ರಾವಣದಲ್ಲಿ ಅಪ್ಪ ಮಾಡಿದ ತೇಗದ ಜೋಡಿಯೊಂದು ಬೇಸಿಗೆಯ ಹೊತ್ತಿಗೆ ಬಿರುಕು ಬಿಟ್ಟು ವಾಪಸ್ಸು ಬಂದಿತ್ತು. ಅದನ್ನು ಕೊಂಡವರು ಬಾಗಿಲಲ್ಲಿ ನಿಂತು ಆಡಿದ ಮಾತನ್ನು ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ. ಅಂದಿನಿಂದ ಅವನಿಗೆ ಒಂದೇ ಹಠ: ಹಾಡದ, ಸೀಳದ, ಟೊಳ್ಳಿಲ್ಲದ ಮರ ಬೇಕು.

ನಮ್ಮ ಮನೆಯ ಇನ್ನೊಂದು ಸಂಗತಿ ನನ್ನ ಎದೆ. ಹುಟ್ಟಿದ ಮೊದಲ ವರ್ಷದಿಂದಲೇ ನನಗೆ ಉಬ್ಬಸ. ಮೋಡ ಕವಿದರೆ, ಯಾರಾದರೂ ಕಂಬಳಿ ಕೊಡವಿದರೆ, ಪಕ್ಕದ ಸೈಟಿನಲ್ಲಿ ಕಸ ಸುಟ್ಟರೆ ಎದೆಯೊಳಗೆ ಸಣ್ಣ ಸೀಟಿ ಶುರುವಾಗುತ್ತಿತ್ತು. ಆ ಸೀಟಿಯ ಸುತ್ತ ಅಮ್ಮ ಇಡೀ ಮನೆಯನ್ನು ಕಟ್ಟಿದ್ದಳು. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಬೇಕು. ಗುಡಿಸುವ ಮುಂಚೆ ನೀರು ಚಿಮುಕಿಸಬೇಕು. ಅಪ್ಪನ ತಾಯಿ, ನಮ್ಮ ಅಜ್ಜಿ, ದೇವರಿಗೆ ಊದಿನಕಡ್ಡಿ ಹಚ್ಚುವುದನ್ನೇ ಬಿಟ್ಟಿದ್ದಳು. ಅವಳ ಮಟ್ಟಿಗೆ ಅದು ಸಣ್ಣ ತ್ಯಾಗವಲ್ಲ. ದೀಪ ಹಚ್ಚಿ, ಹೂವಿಟ್ಟು, ಕೈಗೆ ಅಭ್ಯಾಸವಾಗಿದ್ದ ಊದಿನಕಡ್ಡಿಯ ಡಬ್ಬಿಗಾಗಿ ಗೂಡಿನ ಕಡೆ ಕೈ ಚಾಚಿ, ಖಾಲಿ ಗೂಡು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಅಂಥ ಮನೆಯಲ್ಲಿ ಮರ ಕೊಯ್ಯುವ ಕೆಲಸ.

"ದೇವರಿಗೇ ಹೊಗೆ ಬೇಡ ಅಂತ ಬಿಟ್ಟಿದೀನಿ. ನಿನ್ ಪೆಟ್ಟಿಗೆಗೆ ಮಾತ್ರ ಎಲ್ಲಾ ಆಗ್ಬೇಕೇನೋ?" ಎಂದು ಅಜ್ಜಿ ಅಪ್ಪನನ್ನು ಕೇಳುತ್ತಿದ್ದಳು.

ಆದರೂ ಹೇಗೋ ನಡೆಯುತ್ತಿತ್ತು. ತೇಗದ ಪುಡಿ, ಪ್ಲೈವುಡ್ಡಿನ ಪುಡಿ ದಪ್ಪ, ಭಾರ. ಕೈಗರಗಸದಲ್ಲಿ ಕೊಯ್ದರೆ ನೆಟ್ಟಗೆ ನೆಲಕ್ಕೆ ಬೀಳುತ್ತದೆ. ಅಪ್ಪ ಹಿತ್ತಲಲ್ಲಿ ಕೊಯ್ದು, ಒದ್ದೆಬಟ್ಟೆಯಲ್ಲಿ ಒರೆಸಿ, ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅಮ್ಮ ಸಂಜೆ ಬಂದವಳೇ ಕಿಟಕಿಯ ಅಂಚಿನ ಮೇಲೆ ಬೆರಳೆಳೆದು ನೋಡುತ್ತಿದ್ದಳು. ಬೆರಳು ಶುಭ್ರವಾಗಿದ್ದರೆ ಕಾಫಿ. ಇಲ್ಲದಿದ್ದರೆ ಪಾತ್ರೆಗಳ ಸದ್ದು. ಯಾವ ಪಾತ್ರೆ ಎಷ್ಟು ಜೋರಾಗಿ ಕೂರುತ್ತದೆ ಎನ್ನುವುದರಿಂದಲೇ ಅವತ್ತಿನ ಜಗಳದ ಅಂದಾಜು ನನಗೆ ಸಿಗುತ್ತಿತ್ತು. ಕಿವಿಯಿಂದ ಬದುಕುವುದನ್ನು ನಾನು ಕಲಿತದ್ದು ಅಪ್ಪನಿಂದ ಮಾತ್ರ ಅಲ್ಲ.

ಈ ನಡುವೆ ರುದ್ರಮೂರ್ತಿಯವರು ಬಂದರು. ಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದವರು. ದೊಡ್ಡ ಆಳು, ಮೆತ್ತಗಿನ ದನಿ, ಹಣೆಯಲ್ಲಿ ವಿಭೂತಿ. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಒಂದು ಕ್ಯಾಸೆಟ್ ಇತ್ತು. ಅವರ ತಾಯಿ ದಿನಾ ಬೆಳಿಗ್ಗೆ ಪೂಜೆ ಮಾಡುತ್ತಾ ವಚನ ಹಾಡುತ್ತಿದ್ದರಂತೆ. ಯಾವಾಗಲೋ ಒಮ್ಮೆ ಇವರು ದೇವರ ಕೋಣೆಯ ಬಾಗಿಲ ಬಳಿ ಟೇಪ್‌ರೆಕಾರ್ಡರ್ ಇಟ್ಟು ಅದನ್ನು ತುಂಬಿಸಿಕೊಂಡಿದ್ದರು. ಆಮೇಲೆ ತಾಯಿ ತೀರಿಕೊಂಡಿದ್ದರು.

"ಎಲ್ಲಾ ಕಡೆ ಹಾಕಿಸಿ ನೋಡ್ದೆ ಸಾರ್. ದೊಡ್ ದೊಡ್ ಸೆಟ್‌ಗಳಲ್ಲೂ ಹಾಕಿಸ್ದೆ. ಯಾರೋ ಒಬ್ರು ಹೆಂಗಸು ಹಾಡ್ದಂಗೆ ಕೇಳತ್ತೆ. ನಮ್ಮವ್ವ ಹಾಡ್ದಂಗೆ ಕೇಳಲ್ಲ."

ಅಪ್ಪ ಆ ಮಾತಿಗೆ ಸೋತುಹೋದ. ಕ್ಯಾಸೆಟ್ಟನ್ನು ತೇಗದ ಪೆಟ್ಟಿಗೆಯ ಸ್ಪೀಕರಿನಲ್ಲಿ ಹಾಕಿದ. ರುದ್ರಮೂರ್ತಿಯವರ ತಾಯಿಯ ದನಿ ಮೂಗಿನಿಂದ ಬಂತು. ಒಳ್ಳೆಯ ಪ್ಲೈವುಡ್ಡಿನದರಲ್ಲಿ ಹಾಕಿದ. ದನಿಯ ಕೆಳಗೆ ಏನೋ ಗುಂಯ್‌ಗುಡುತ್ತಿತ್ತು. ರುದ್ರಮೂರ್ತಿಯವರು ಪ್ರತಿ ಸಲವೂ ತಲೆ ಅಲ್ಲಾಡಿಸಿ, ಬೇಸರ ಮಾಡಿಕೊಳ್ಳದೆ, ಇನ್ನೊಮ್ಮೆ ಬರುತ್ತೇನೆಂದು ಎದ್ದುಹೋಗುತ್ತಿದ್ದರು. ಆಗ ಅಪ್ಪ ಎಂಡಿಎಫ್ ತಂದ. ಅದು ಆಗಿನ್ನೂ ನಮ್ಮ ಕಡೆಯ ಅಂಗಡಿಗಳಿಗೆ ಹೊಸದು. ಮರವನ್ನು ನಾರಾಗಿಸಿ, ಅಂಟು ಬೆರೆಸಿ, ಒತ್ತಿ ಮಾಡಿದ ಹಲಗೆ. ಗಂಟಿಲ್ಲ, ಎಳೆಯಿಲ್ಲ, ಬಿಸ್ಕತ್ತಿನ ಬಣ್ಣ. ಅಪ್ಪ ತಟ್ಟಿದ. ನಾನು ಕಣ್ಣು ಮುಚ್ಚಿಕೊಂಡು ಕಾದೆ. ದಬ್ ಎಂದಿತು, ಅಷ್ಟೇ. ಆಮೇಲೆ ಏನೂ ಇರಲಿಲ್ಲ.

"ಸತ್ತೇಹೋಯ್ತು ಅಪ್ಪ," ಎಂದೆ.

ಅಪ್ಪ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ.

ಅದರಲ್ಲೊಂದು ಸಣ್ಣ ಜೋಡಿ ಮಾಡಿ ರುದ್ರಮೂರ್ತಿಯವರನ್ನು ಕರೆಸಿದ. ಕ್ಯಾಸೆಟ್ ತಿರುಗಿತು. ಅವರು ಕಣ್ಣು ಮುಚ್ಚಿದ್ದರು. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಆ ಮುದುಕಿ ಉಸಿರು ಎಳೆದುಕೊಂಡದ್ದು ಕೇಳಿಸಿತು. ಜೊತೆಗೇ ಬಳೆಯೊಂದು ತಟ್ಟೆಗೆ ತಾಕಿದ ಸದ್ದು. ರುದ್ರಮೂರ್ತಿಯವರು ಕೈಯೆತ್ತಿದರು.

"ಅಲ್ಲೇ ಸಾರ್. ಅದೇ ಇನ್ನೊಂದ್ಸಲ ಹಾಕಿ."

ಅಪ್ಪ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಉಸಿರು, ಬಳೆ.

"ಇದು ಅವ್ವ," ಎಂದರು. ಅವರ ಹಾಲ್‌ಗೆ ದೊಡ್ಡ ಜೋಡಿಯೊಂದು ಮಾಡಿಕೊಡಬೇಕೆಂದು ಕೇಳಿಕೊಂಡು ಹೋದರು. ಅಪ್ಪ ಅಷ್ಟು ಸಂತೋಷವಾಗಿದ್ದುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ಸಂಜೆಯೇ ಅಮ್ಮನಿಗೆ ಪುಡಿ ಕಂಡಿತು. ಕಿಟಕಿಯ ಅಂಚಿನಲ್ಲಷ್ಟೇ ಅಲ್ಲ, ದೋಸೆಹಿಟ್ಟಿನ ಪಾತ್ರೆಯ ಮುಚ್ಚಳದ ಮೇಲೆ, ತುಳಸಿ ಎಲೆಗಳ ಮೇಲೆ, ನನ್ನ ಸ್ಕೂಲ್ ಬ್ಯಾಗಿನ ಮೇಲೆ. ನಾನು ಆಗಲೇ ಎರಡು ದಿಂಬು ಒರಗಿಕೊಂಡು ಕೆಮ್ಮುತ್ತಿದ್ದೆ. ಅಮ್ಮ ಬ್ಯಾಗಿನ ಮೇಲೆ ಬೆರಳೆಳೆದು ಅಪ್ಪನ ಮುಖದ ಮುಂದೆ ಹಿಡಿದಳು.

"ಇದೇನ್ರೀ ಇದು?"

"ಎಂಡಿಎಫ್ ಪುಡಿ. ಒರೆಸ್ತೀನಿ ಬಿಡು."

"ಮರದ ಪುಡಿ ಹಿಂಗಿರಲ್ಲ. ಇದು ಮೈದಾಹಿಟ್ಟು ಇದ್ದಂಗಿದೆ. ಕೆಳಗೆ ಬೀಳೋದೇ ಇಲ್ಲ, ಗಾಳೀಲೇ ಇರತ್ತೆ. ಇದರಲ್ಲಿ ಅಂಟೂ ಇದೆ ಅಲ್ವಾ?"

"ಇದೆ."

"ಅದು ಎದೆಗೆ ಆಗದ ಫಾರ್ಮಾಲ್ಡಿಹೈಡ್ ಅಂಟು ಅಂತ ನಿಮಗೆ ಗೊತ್ತು."

ಅವನಿಗೆ ಗೊತ್ತಿತ್ತು.

"ಅವರ ತಾಯಿ ಉಸಿರು ಕೇಳಿಸ್ತು ಅಂತ ಕುಣೀತಿದೀರಲ್ಲ, ಮೊದ್ಲು ನಿಮ್ ಮಗಳ ಉಸಿರು ಕೇಳಿಸ್ಕೊಳ್ಳಿ."

"ಬೇರೆ ಯಾವ ಮರದಲ್ಲೂ ಅದು ಬರಲ್ಲ ಕಣೇ. ನಾನೇನ್ ಮಾಡ್ಲಿ? ಇದೊಂದು ಜೋಡಿ ಸರಿಹೋದ್ರೆ ಜನ ನನ್ನನ್ನ ಕೇಳ್ಕೊಂಡು ಬರ್ತಾರೆ. ಇಲ್ದಿದ್ರೆ ನಾನು ಏನೂ ಅಲ್ಲ."

ಇಬ್ಬರೂ ದನಿ ಏರಿಸಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸುತ್ತಿತ್ತು. ಕೊನೆಗೆ ಅಜ್ಜಿ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದಳು. ಕೆಲಸ ತಾರಸಿಯ ಮೇಲೆ ಮಾತ್ರ, ನಾನು ಸ್ಕೂಲಿನಲ್ಲಿರುವಾಗ ಮಾತ್ರ. ನಾನು ಬರುವ ಹೊತ್ತಿಗೆ ಅಪ್ಪನ ಸ್ನಾನ ಆಗಿರಬೇಕು. ಹಿಂದಿನ ಕೋಣೆಯ ಬಾಗಿಲಿಗೆ ಅಜ್ಜಿಯದೊಂದು ಹಳೆಯ ಹತ್ತಿಸೀರೆಯನ್ನು ಒದ್ದೆ ಮಾಡಿ ಪರದೆಯ ಹಾಗೆ ಇಳಿಬಿಡಬೇಕು. ಅಮ್ಮ ಒಪ್ಪಿದಳು. ಆದರೆ ಅಂದಿನಿಂದ ಅವಳ ಪರ್ಸಿನಲ್ಲಿ ನನ್ನ ಔಷಧಿ ಯಾವಾಗಲೂ ಇರತೊಡಗಿತು. ಸ್ಕೂಲಿಗೆ ಹೊರಡುವ ಮುಂಚೆ ನನ್ನ ಬೆನ್ನಿಗೆ ಕಿವಿಯಿಟ್ಟು ಕೇಳಿಯೇ ಹೋಗುತ್ತಿದ್ದಳು.

ಒಪ್ಪಂದ ಮುರಿದದ್ದು ಮಳೆಯಿಂದ. ಅವತ್ತು ಬೆಳಗಿನಿಂದಲೇ ಸುರಿಯುತ್ತಿತ್ತು. ಎಂಡಿಎಫ್‌ಗೆ ನೀರು ತಾಕಿದರೆ ಮುಗಿಯಿತು, ಊದಿಕೊಳ್ಳುತ್ತದೆ. ಅಪ್ಪ ತಾರಸಿಯಿಂದ ಎಲ್ಲವನ್ನೂ ಹಿಂದಿನ ಕೋಣೆಗೆ ಇಳಿಸಿ, ಎರಚಲು ಬರುತ್ತದೆಂದು ಕಿಟಕಿ ಮುಚ್ಚಿ, ಒಳಗೇ ಉಜ್ಜುವ ಕೆಲಸಕ್ಕೆ ಕೂತಿದ್ದ. ನಾನು ಬರುವ ಹೊತ್ತಿಗೆ ಮುಗಿಸಬಹುದೆಂಬ ಲೆಕ್ಕ. ಆದರೆ ಸ್ಕೂಲಿನ ಮುಂದೆ ನೀರು ನಿಂತು ಮಧ್ಯಾಹ್ನವೇ ನಮ್ಮನ್ನು ಬಿಟ್ಟುಬಿಟ್ಟರು. ತೊಯ್ದು ತೊಪ್ಪೆಯಾಗಿ ಬಂದವಳಿಗೆ ಅಜ್ಜಿ ಬಾಗಿಲು ತೆಗೆದು, ತಲೆ ಒರೆಸಿಕೊಳ್ಳಲು ಹೇಳಿ, ಹಾಲು ಕಾಯಿಸಲು ಹೋದಳು. ನನ್ನ ಬಟ್ಟೆಯ ಬೀರು ಹಿಂದಿನ ಕೋಣೆಯ ಬಾಗಿಲ ಪಕ್ಕದಲ್ಲೇ ಇತ್ತು. ಮಳೆಯ ಸದ್ದಿನಲ್ಲಿ ಉಜ್ಜುವ ಸದ್ದು ನನಗೆ ಕೇಳಿಸಲಿಲ್ಲ. ಬೀರುವಿಗೆ ಕೈ ಹಾಕಿದಾಗ ಪಕ್ಕದ ಸೀರೆ ಹೆಗಲಿಗೆ ತಾಗಿತು. ಅದು ಒಣಗಿಹೋಗಿತ್ತು. ತಾಗಿದ್ದಕ್ಕೇ ಮೊಳೆಯಿಂದ ಕಳಚಿ ಕೆಳಗೆ ಬಿತ್ತು.

ಒಳಗೆ ಕೋಣೆಯೇ ಇರಲಿಲ್ಲ, ಬರೀ ಬಿಳಿ. ಅದರ ನಡುವೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಯಾರೋ ಒಬ್ಬರು. ರೆಪ್ಪೆಗಳೂ ಬಿಳಿ. ಅದು ಅಪ್ಪ ಎಂದು ನನಗೆ ತಿಳಿದದ್ದು ಅವನು ಕೂಗಿದಾಗ.

"ಆಚೆ ಹೋಗು ಪುಟ್ಟಿ! ಉಸಿರು ಎಳ್ಕೋಬೇಡ!"

ಬೆಚ್ಚಿಬಿದ್ದವಳು ಉಸಿರು ಎಳೆದುಕೊಂಡೇಬಿಟ್ಟೆ.

ಉಬ್ಬಸ ಬಂದವರಿಗೆ ಮಾತ್ರ ಗೊತ್ತಿರುವ ಒಂದು ವಿಷಯವಿದೆ. ಗಾಳಿ ಒಳಗೆ ಬರುವುದಿಲ್ಲ ಎಂದು ನೋಡುವವರು ತಿಳಿದುಕೊಳ್ಳುತ್ತಾರೆ. ನಿಜವಾಗಿ ಒಳಗಿರುವ ಗಾಳಿ ಹೊರಗೆ ಹೋಗುವುದಿಲ್ಲ. ಎದೆ ತುಂಬಿ ಬಿಗಿದುಕೊಂಡಿರುತ್ತದೆ, ಆದರೂ ಒಂದು ಗುಟುಕು ಇಲ್ಲದ ಹಾಗಿರುತ್ತದೆ. ನಾನು ಬೀರುವನ್ನು ಹಿಡಿದುಕೊಂಡು ನೆಲಕ್ಕೆ ಜಾರಿದ್ದು ನೆನಪಿದೆ. ಅಜ್ಜಿ ಹಾಲಿನ ಪಾತ್ರೆ ಬಿಟ್ಟು ಓಡಿ ಬಂದದ್ದು, ಔಷಧಿ ಅಮ್ಮನ ಪರ್ಸಿನಲ್ಲಿರುವುದು ಮರೆತು, ಹುಡುಕುತ್ತಾ ಫ್ರಿಜ್ಜಿನ ಮೇಲಿದ್ದ ಡಬ್ಬಿಗಳನ್ನೆಲ್ಲ ಕೆಡವಿದ್ದು ನೆನಪಿದೆ. ಅಪ್ಪ ನನ್ನನ್ನು ಎತ್ತಿ ಎದೆಗೆ ಅವಚಿಕೊಂಡು ಮಳೆಯಲ್ಲೇ ಓಡಿದ. ಮುಖ್ಯರಸ್ತೆಯಲ್ಲಿ ಆಟೋಗಳು ನಿಲ್ಲಲಿಲ್ಲ. ಕೊನೆಗೊಂದರ ಮುಂದೆ ಅಡ್ಡ ನಿಂತು ನಿಲ್ಲಿಸಿದ. ದಾರಿಯುದ್ದಕ್ಕೂ "ಬಿಡು ಪುಟ್ಟಿ, ಉಸಿರು ಬಿಡು, ಹೊರಗೆ ಬಿಡು" ಎನ್ನುತ್ತಾ ನನ್ನನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತಿದ್ದ. ನನ್ನ ಮೂಗು ಅವನ ಅಂಗಿಯಲ್ಲಿ ಹುದುಗಿತ್ತು.

ನಾನು ಹುಟ್ಟಿದಾಗಿನಿಂದ ನನ್ನನ್ನು ನೋಡುತ್ತಿದ್ದ ಲೇಡಿ ಡಾಕ್ಟರ್ ಕ್ಲಿನಿಕ್ಕಿನಲ್ಲಿದ್ದರು. ನನ್ನನ್ನು ನೋಡಿದವರೇ ಎದ್ದರು. ಆಮೇಲೆ ಅಪ್ಪನನ್ನು ನೋಡಿದರು.

"ಇಳಿಸ್ರೀ ಮಗೂನ! ಮೊದ್ಲು ಇಳಿಸಿ!"

"ಡಾಕ್ಟ್ರೇ, ಉಸಿರು…"

"ನಿಮ್ ಅಂಗಿ ನೋಡ್ಕೊಳ್ಳಿ. ನೀವು ಎತ್ಕೊಂಡಷ್ಟೂ ಅವಳಿಗೆ ಜಾಸ್ತಿ ಆಗತ್ತೆ. ಹೊರಗೆ ಹೋಗಿ."

ಅಪ್ಪ ತನ್ನ ಅಂಗಿಯನ್ನು ನೋಡಿಕೊಂಡ. ಮಳೆಗೆ ನೆಂದ ಪುಡಿ ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. ಮಡಿಕೆಗಳಲ್ಲಿ ಇನ್ನೂ ಒಣ ಪುಡಿ ಉಳಿದಿತ್ತು. ಅವನು ನನ್ನನ್ನು ಮಂಚದ ಮೇಲೆ ಇಳಿಸಿ ಹಿಂದಕ್ಕೆ ಹೆಜ್ಜೆಯಿಟ್ಟ. ಡಾಕ್ಟರು ನನ್ನ ಮುಖಕ್ಕೆ ಔಷಧಿಯ ಹೊಗೆ ಬರುವ ಮಾಸ್ಕ್ ಹಾಕಿದರು. ಗಾಜಿನ ಬಾಗಿಲಿನಾಚೆ ಅಪ್ಪ ಅಂಗಿ ಬಿಚ್ಚಿ ಮೋರಿಯ ಪಕ್ಕಕ್ಕೆ ಎಸೆದು, ಬನಿಯನ್ನಿನಲ್ಲಿ ಮಳೆಯಲ್ಲಿ ನಿಂತು ಕೈ, ಕುತ್ತಿಗೆ, ತಲೆ ಉಜ್ಜಿಕೊಳ್ಳುತ್ತಿದ್ದ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಅಜ್ಜಿ ಫೋನ್ ಮಾಡಿಸಿದ್ದರಿಂದ ಅಮ್ಮ ಬಂದಳು. ಆಟೋ ಇಳಿದು ಅವನ ಪಕ್ಕದಲ್ಲೇ ಹಾದು, ಅವನತ್ತ ನೋಡದೆ ಒಳಗೆ ಬಂದಳು. ಸಂಜೆ ಕವಿಯುವ ಹೊತ್ತಿಗೆ ನನ್ನ ಎದೆ ಸಡಿಲವಾಯಿತು. ಡಾಕ್ಟರು ನನ್ನ ಬೆನ್ನ ಮೇಲೆ ಬೆರಳಿಟ್ಟು ಇನ್ನೊಂದು ಬೆರಳಿನಿಂದ ತಟ್ಟಿ ತಟ್ಟಿ ಕೇಳಿದರು. ಅಪ್ಪ ಹಲಗೆ ನೋಡುವುದೂ ಹೀಗೇ ಎಂದು ಅವರಿಗೆ ಹೇಳಬೇಕೆನಿಸಿತು. ಅಮ್ಮನ ಮುಖ ನೋಡಿ ಸುಮ್ಮನಾದೆ.

ಅಮ್ಮ ಬಯ್ಯುತ್ತಾಳೆಂದು ನಾನೂ ಅಜ್ಜಿಯೂ ಕಾದೆವು. ಅವಳು ಬಯ್ಯಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ನನ್ನ ಮೂಲಕ ಹೇಳುತ್ತಿದ್ದಳು. "ನಿಮ್ಮಪ್ಪಂಗೆ ಹೇಳು, ತಟ್ಟೆ ಹಾಕಿದೀನಿ ಅಂತ." ಅಪ್ಪ ಅಲ್ಲೇ ಕೂತಿರುತ್ತಿದ್ದ. ಅರ್ಧಕ್ಕೆ ನಿಂತ ಪೆಟ್ಟಿಗೆಗಳನ್ನು ಅವನೇ ತಾರಸಿಗೆ ಹೊತ್ತುಹಾಕಿದ. ಮಳೆಯಲ್ಲಿ ಅವು ಊದಿ, ಅಂಚುಗಳು ಬಾಯಿ ಬಿಟ್ಟವು. ಅದಕ್ಕಿಂತ ನನ್ನನ್ನು ನೋಯಿಸಿದ್ದು ಬೇರೆ. ಅಪ್ಪ ನನ್ನ ಹತ್ತಿರ ಬರುವುದನ್ನು ನಿಲ್ಲಿಸಿದ. ನಾನು ಪಕ್ಕದಲ್ಲಿ ಕೂತರೆ ಎದ್ದು ಬೇರೆ ಕಡೆ ಹೋಗುತ್ತಿದ್ದ. ಕೆಲಸವೇ ಇಲ್ಲದ ದಿನಗಳಲ್ಲೂ ಮತ್ತೆ ಮತ್ತೆ ಸ್ನಾನ ಮಾಡುತ್ತಿದ್ದ. ಮನೆಯಲ್ಲಿ ಸಂಗೀತ ನಿಂತಿತು, ತಟ್ಟುವ ಸದ್ದು ನಿಂತಿತು. ಅಪ್ಪ ಹೇಳುತ್ತಿದ್ದ ಬಾಯಿ ಮುಚ್ಚಿದ ಪೆಟ್ಟಿಗೆ ಈಗ ನಮ್ಮ ಮನೆಯೇ ಆಗಿತ್ತು.

ಕೊನೆಗೆ ನಾನೇ ಒಂದು ದಿನ ಅವನ ಮುಂದೆ ನಿಂತೆ.

"ಅಪ್ಪ, ಪ್ಲೈವುಡ್ಡಲ್ಲೇ ಮಾಡು. ನಾನು ಆರಿಸ್ಕೊಡ್ತೀನಿ."

ಅವನು ಅಡುಗೆಮನೆಯ ಕಡೆ ನೋಡಿದ. ಅಲ್ಲಿಂದ ಅಮ್ಮನ ದನಿ ಬಂತು.

"ಪುಟ್ಟಿ, ನಿಮ್ಮಪ್ಪಂಗೆ ಹೇಳು. ಅಂಗಡೀಲಿ ಮರ ಕೊಯ್ತಿದ್ರೆ ನಿನ್ನ ಒಳಗೆ ಕರ್ಕೊಂಡು ಹೋಗ್ಬಾರ್ದು."

ಗೊಟ್ಟಿಗೆರೆಯ ಕಡೆ ಇದ್ದ ಟಿಂಬರ್ ಅಂಗಡಿಯಲ್ಲಿ, ಯಂತ್ರ ನಿಂತಿದ್ದ ಹೊತ್ತು ನೋಡಿಕೊಂಡು, ಹೊರಗಿನ ಶೆಡ್ಡಿನಲ್ಲಿ ನಾನು ಪ್ಲೈವುಡ್ ಶೀಟುಗಳನ್ನು ತಟ್ಟಿದೆ. ಟೊಳ್ಳು ಕೇಳಿಸಿದ್ದನ್ನು ಬಿಟ್ಟೆ. ಎಲ್ಲಿ ತಟ್ಟಿದರೂ ಒಂದೇ ಥರ ಕೇಳಿಸಿದ್ದನ್ನು ಅಪ್ಪ ಪಕ್ಕಕ್ಕೆ ಎತ್ತಿಟ್ಟ. ಅಂಗಡಿಯವನು ನಗುತ್ತಾ ನೋಡುತ್ತಿದ್ದ. ಹಲಗೆಗಳನ್ನು ಅಲ್ಲೇ ಅಳತೆಗೆ ಕೊಯ್ಯಿಸಿ, ಗುಂಯ್‌ಗುಡುವುದನ್ನು ತಡೆಯಲು ಎರಡು ಹಲಗೆಗಳ ನಡುವೆ ರಬ್ಬರ್ ಹಾಳೆ ಇಟ್ಟು ಅಂಟಿಸಿ, ಒಳಗೆ ಅಡ್ಡಪಟ್ಟಿಗಳನ್ನು ಕೊಟ್ಟು, ಅಪ್ಪ ನಿಧಾನವಾಗಿ ಒಂದು ಜೋಡಿ ಕಟ್ಟಿದ. ಮನೆಯಲ್ಲಿ ಒಂದು ಚಿಟಿಕೆ ಪುಡಿಯೂ ಆಗಲಿಲ್ಲ. ಅಷ್ಟು ಚೆನ್ನಾದ ಪೆಟ್ಟಿಗೆಯನ್ನು ಅವನು ಮೊದಲು ಮಾಡಿರಲಿಲ್ಲ.

ರುದ್ರಮೂರ್ತಿಯವರು ಬಂದು ಕೂತರು. ಹಾಡು ಶುರುವಾಯಿತು. ದನಿ ಮೂಗಿನಿಂದ ಬರಲಿಲ್ಲ, ಗುಂಯ್‌ಗುಡಲಿಲ್ಲ. ನಾನು ಆ ಜಾಗಕ್ಕಾಗಿ ಕಾಯುತ್ತಿದ್ದೆ. ಸಾಲು ಮುಗಿಯಿತು. ಬಳೆಯ ಸದ್ದು ಬಂತು. ಉಸಿರು ಬರಲಿಲ್ಲ. ಅಥವಾ ಬಂತು, ಆದರೆ ಹಲಗೆಯೊಳಗಿನ ಏನೋ ಅದನ್ನು ಮುಚ್ಚಿಬಿಟ್ಟಿತು. ಅಪ್ಪನಿಗೂ ಅದು ಗೊತ್ತಾಯಿತು. ಅವನು ನೆಲ ನೋಡುತ್ತಿದ್ದ.

"ಚೆನ್ನಾಗಿದೆ ಸಾರ್," ಎಂದರು ರುದ್ರಮೂರ್ತಿಯವರು. "ಆದ್ರೆ ಆವತ್ತು ಕೇಳಿದ್ದು ಇದಲ್ಲ."

"ಅಲ್ಲ," ಎಂದ ಅಪ್ಪ. "ಅದನ್ನ ನಾನಿನ್ನು ಮಾಡಕ್ಕಾಗಲ್ಲ ಸಾರ್." ಆಮೇಲೆ ನಡೆದದ್ದನ್ನೆಲ್ಲ ಹೇಳಿದ. ಕ್ಲಿನಿಕ್ಕಿನಲ್ಲಿ ಡಾಕ್ಟರು ಅಂದದ್ದನ್ನೂ ಬಿಡದೆ ಹೇಳಿದ. ರುದ್ರಮೂರ್ತಿಯವರು ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಬೊಮ್ಮನಹಳ್ಳೀಲಿ ನಮ್ ಗೋಡೌನ್ ಇದೆ. ಒಂದು ಮೂಲೆ ಬಿಡಿಸಿಕೊಡ್ತೀನಿ. ಅಲ್ಲೇ ಮಾಡ್ಬಹುದಲ್ವಾ?"

ಅಮ್ಮ ಕಾಫಿ ಲೋಟಗಳನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇನ್ನು ಮುಂದಿನ ಮಾತು ಅವಳದು ಎಂದು ಎಲ್ಲರಿಗೂ ಗೊತ್ತಿತ್ತು.

"ಅಲ್ಲಿ ನೀರಿದೆಯಾ ಸಾರ್?" ಎಂದಳು.

"ಬೋರ್‌ವೆಲ್ ಇದೆಯಮ್ಮ."

"ಸ್ನಾನ ಮಾಡಿ ಬಟ್ಟೆ ಬದಲಾಯಿಸ್ಕೊಳ್ಳೋಕೆ ಜಾಗ?"

"ಮಾಡಿಸ್ಕೊಡ್ತೀನಿ."

ಅಮ್ಮ ಲೋಟಗಳನ್ನು ಕೆಳಗಿಟ್ಟು ನನ್ನತ್ತ ತಿರುಗಿದಳು. "ಪುಟ್ಟಿ, ನಿಮ್ಮಪ್ಪಂಗೆ ಹೇಳು. ಕೆಲಸದ ಬಟ್ಟೆ ಈ ಮನೆ ಹೊಸಿಲು ದಾಟಬಾರ್ದು."

ಮುಂದಿನ ತಿಂಗಳುಗಳಲ್ಲಿ ಅಪ್ಪ ಬೆಳಿಗ್ಗೆ ಬಸ್ಸಿನಲ್ಲಿ ಬೊಮ್ಮನಹಳ್ಳಿಗೆ ಹೋಗಿ ಸಂಜೆ ಒದ್ದೆ ತಲೆಯಲ್ಲಿ ಬರುತ್ತಿದ್ದ. ಧನುರ್ಮಾಸದ ಚಳಿಯಲ್ಲೂ ಬೋರ್‌ವೆಲ್ಲಿನ ತಣ್ಣೀರಿನಲ್ಲಿ ಮಿಂದು ಬರುತ್ತಿದ್ದ. ಗೇಟಿನಲ್ಲಿ ಅಮ್ಮ ಒದ್ದೆ ಮಾಡಿದ ಬಿಳಿ ಬಟ್ಟೆ ಹಿಡಿದು ಕಾಯುತ್ತಿದ್ದಳು. ಅಪ್ಪ ಸುಮ್ಮನೆ ತಲೆ ಬಗ್ಗಿಸುತ್ತಿದ್ದ. ಅವಳು ಅವನ ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ, ಉಗುರಿನ ಸಂದಿಯಲ್ಲಿ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ಮಾತೂ ಇಲ್ಲ. ಒಂದು ಸಂಜೆ ಬಟ್ಟೆಯ ಮೇಲೆ ಬಿಸ್ಕತ್ತಿನ ಬಣ್ಣದ ಸಣ್ಣ ಗೆರೆ ಮೂಡಿತು. ಅಮ್ಮ ಅದನ್ನು ಅವನಿಗೆ ತೋರಿಸಿದಳು. ಅಪ್ಪ ಗೇಟಿನಿಂದಲೇ ಹಿಂದಿರುಗಿ, ಹಿತ್ತಲ ನಲ್ಲಿಯ ಕೆಳಗೆ ಕೂತು ಮತ್ತೆ ಸ್ನಾನ ಮಾಡಿದ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಈಗ ಯೋಚಿಸಿದರೆ, ಮಾತು ಬಿಟ್ಟ ಆ ಕಾಲದಲ್ಲಿ ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟುತ್ತಿದ್ದದ್ದು ಆ ಗೇಟಿನ ಹತ್ತಿರ ಮಾತ್ರ ಎನಿಸುತ್ತದೆ. ಮನೆ ಎಂದರೆ ಎಲ್ಲರೂ ಒಪ್ಪುವ ಜಾಗ ಎಂದು ಓದಿದಾಗಲೆಲ್ಲ ನನಗೆ ಆ ಒದ್ದೆಬಟ್ಟೆ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಇಬ್ಬರೂ ಸರಿಯಾಗಿದ್ದರು. ಅದಕ್ಕೇ ಅದು ಅಷ್ಟು ಕಷ್ಟವಾಗಿತ್ತು.

ಕೆಲಸ ಮುಗಿದ ಮೇಲೆ ರುದ್ರಮೂರ್ತಿಯವರು ನಮ್ಮನ್ನೆಲ್ಲ ಜೆ.ಪಿ. ನಗರದ ಅವರ ಮನೆಗೆ ಕರೆದರು. 'ಮಂಡಿನೋವು, ನೀವು ಹೋಗಿಬನ್ನಿ' ಎಂದು ಅಜ್ಜಿ ಮನೆಯಲ್ಲೇ ಉಳಿದಳು. ಅವರ ಹಾಲ್‌ನ ಎರಡು ಮೂಲೆಗಳಲ್ಲಿ ಪೆಟ್ಟಿಗೆಗಳು ನಿಂತಿದ್ದವು. ಒಳಗೂ ಹೊರಗೂ ಬಣ್ಣ ಬಳಿದು ಮುಚ್ಚಿದ್ದ ಅವು ಮರದ್ದೆಂದೇ ಗೊತ್ತಾಗುತ್ತಿರಲಿಲ್ಲ. ಅಮ್ಮ ಬಾಗಿಲಲ್ಲೇ ನಿಂತು ಮೂಸಿ ನೋಡಿ, ನನ್ನನ್ನು ತೆರೆದ ಕಿಟಕಿಯ ಪಕ್ಕ ಕೂರಿಸಿದಳು. ಹಾಡು ಶುರುವಾಯಿತು. ಆ ಹೆಂಗಸನ್ನು ನಾನು ನೋಡಿರಲಿಲ್ಲ. ಆದರೂ ಅವರು ಎಷ್ಟು ಎತ್ತರ, ಯಾವ ಕಡೆ ಮುಖ ಮಾಡಿ ಕೂತಿದ್ದಾರೆ ಎಂದು ಹೇಳಬಲ್ಲೆ ಅನ್ನಿಸಿತು. ಸಾಲು ಮುಗಿದು ಅವರು ಉಸಿರೆಳೆದುಕೊಂಡಾಗ ರುದ್ರಮೂರ್ತಿಯವರು ಕುರ್ಚಿಯಿಂದ ಎದ್ದು ನಿಂತು, ದೇವರ ಕೋಣೆಯ ಕಡೆ ತಿರುಗಿದರು. ಹಾಡು ಮುಗಿಯುವವರೆಗೂ ಹಾಗೇ ನಿಂತಿದ್ದರು.

ಹೊರಡುವಾಗ ಅವರು ಅಪ್ಪನ ಕೈ ಹಿಡಿದುಕೊಂಡರು.

"ನಮ್ಮ ಪೈಕಿ ಇನ್ನೂ ಕೆಲವರು ಕೇಳ್ತಿದಾರೆ ಸಾರ್. ಗೋಡೌನ್ ನಿಮ್ದೇ ಅಂತ ತಿಳ್ಕೊಳ್ಳಿ."

"ಪ್ಲೈವುಡ್ಡಲ್ಲಾದ್ರೆ ಮಾಡ್ಕೊಡ್ತೀನಿ ಸಾರ್. ಈ ಎಂಡಿಎಫಲ್ಲಿ ಇನ್ನು ಬೇಡ."

"ಯಾಕೆ ಸಾರ್? ಅಲ್ಲಿ ತೊಂದ್ರೆ ಏನೂ ಆಗ್ಲಿಲ್ವಲ್ಲ?"

"ಆಗ್ಲಿಲ್ಲ. ಆದ್ರೆ ಒಂದಿನ ಮೈಮೇಲೆ ಎಲ್ಲೋ ಒಂದ್ಕಡೆ ಪುಡಿ ಉಳ್ಕೊಂಡ್ಬಿಟ್ರೆ ಅಂತ ದಿನಾ ಬಸ್ಸಲ್ಲಿ ಕೂತು ಯೋಚ್ನೆ ಮಾಡಕ್ಕಾಗಲ್ಲ ನನ್ ಕೈಲಿ."

ಅಪ್ಪನ ಹೆಸರು ಅವನು ಬಯಸಿದಷ್ಟು ದೂರ ಹೋಗಲಿಲ್ಲ. ಕೆಲವರು ಬರುತ್ತಿದ್ದರು, ಪ್ಲೈವುಡ್ ಪೆಟ್ಟಿಗೆ ಕೊಂಡು ಹೋಗುತ್ತಿದ್ದರು, ಚೆನ್ನಾಗಿದೆ ಎನ್ನುತ್ತಿದ್ದರು. ಅವನು ಅದರಲ್ಲೇ ಹೊಸದೇನಾದರೂ ಹುಡುಕುತ್ತಾ ಮುದುಕನಾದ. ಆದರೆ ಅವತ್ತು ಸಂಜೆ ಅದೊಂದೂ ನಮಗೆ ಗೊತ್ತಿರಲಿಲ್ಲ. ಮನೆಗೆ ಹೋಗುವ ಆಟೋದಲ್ಲಿ ಅಮ್ಮ ಒಂದು ಕಡೆ, ನಡುವೆ ನಾನು, ಆಚೆ ಅಪ್ಪ. ನನಗೆ ತಾಗಬಾರದೆಂದು ಅವನು ಸೀಟಿನ ಅಂಚಿನಲ್ಲಿ, ಅರ್ಧ ಮೈ ಹೊರಗಿಟ್ಟುಕೊಂಡು, ಕಂಬಿ ಹಿಡಿದು ಕೂತಿದ್ದ. ಅಷ್ಟು ದಿನಗಳಿಂದ ಹಾಗೇ ಕೂರುತ್ತಿದ್ದ.

"ಅಪ್ಪ, ಅದು ನಮ್ಮನೇಲಿರೋ ಪ್ಲೈವುಡ್ ಜೋಡಿಗಿಂತ ಚೆನ್ನಾಗಿತ್ತು ಅಲ್ವಾ?" ಎಂದು ಕೇಳಿದೆ.

"ಹೌದು ಪುಟ್ಟಿ. ತುಂಬಾ ಚೆನ್ನಾಗಿತ್ತು."

ಆಟೋ ಸಿಗ್ನಲ್ ದಾಟಿ ಎಡಕ್ಕೆ ಜೋರಾಗಿ ತಿರುಗಿತು. ಅಪ್ಪ ಹೊರಗೆ ವಾಲಿದ. ಅಮ್ಮ ನನ್ನ ಬೆನ್ನ ಹಿಂದಿನಿಂದ ಕೈ ಚಾಚಿ ಅವನ ಅಂಗಿಯನ್ನು ಹಿಡಿದೆಳೆದಳು.

"ರೀ, ಒಳಗೆ ಸರಿದು ಕೂತ್ಕೊಳ್ರೀ," ಎಂದಳು. "ಬಿದ್ದುಬಿಟ್ಟೀರ."